ನೋವು ನುಂಗುವ ಪರಿ: ಜನಪದ ಪಠ್ಯಗಳಲ್ಲಿ ಸಹನೆ ಮತ್ತು ಶಮನ

ಕನ್ನಡ ಜಾನಪದ ಅಧ್ಯಯನದಲ್ಲಿ ನೋವಿನ ಪ್ರಸ್ತಾಪಕ್ಕೆ ಕೊರತೆಯಿಲ್ಲ. ಆದರೆ ಆ ಪ್ರಸ್ತಾಪದ ಬಹುಭಾಗ ಬೇಗನೆ ಸಹನೆಯ ಪ್ರಶಂಸೆಗೆ ಹೊರಳಿಕೊಳ್ಳುತ್ತದೆ. ಬೀಸುಕಲ್ಲಿನ ಮುಂದೆ ಕುಳಿತ ಗರತಿ, ಕೆರೆಗೆ ಹಾರವಾದ ಭಾಗೀರಥಿ, ಹರಕೆ ಹೊತ್ತು ಬಾಯಿಬೀಗ ಹಾಕಿಸಿಕೊಂಡ ಭಕ್ತ, ಸಿಡಿ ಏರಿದ ಆಳು ಇವರೆಲ್ಲ ತಾಳ್ಮೆಯ ಮಾದರಿಗಳಾಗಿ ಸಂಕಲನಗಳ ಪೀಠಿಕೆಗಳಲ್ಲಿ, ವಿಚಾರಸಂಕಿರಣದ ಪ್ರಬಂಧಗಳಲ್ಲಿ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತಾರೆ. ಈ ಓದಿಗೆ ಇನ್ನೊಂದು ಮಾತೂ ಅಂಟಿಕೊಂಡಿದೆ. ಹಿಂದಿನವರು ನೋವನ್ನು ತಾಳಿಕೊಂಡರು, ಇಂದಿನವರು ತಲೆ ಸ್ವಲ್ಪ ಭಾರವಾದರೂ ಗುಳಿಗೆ ನುಂಗುತ್ತಾರೆ. ಆದ್ದರಿಂದ ನೋವುನಿವಾರಕಗಳ ಮೇಲಿನ ಅವಲಂಬನೆ ಜನಪದ ಮೌಲ್ಯವೊಂದರ ಪತನ ಎಂಬುದು ಆ ಮಾತು. ಇವುಗಳಲ್ಲಿ ಮೊದಲನೆಯ ಓದು ಪಠ್ಯಗಳ ಆಧಾರದ ಮೇಲೆ ನಿಲ್ಲುವುದಿಲ್ಲ. ಎರಡನೆಯದು ಗುಳಿಗೆಯ ಸ್ವರೂಪವನ್ನೇ ತಲೆಕೆಳಗಾಗಿ ಗ್ರಹಿಸಿದೆ.

ಇಂಥ ಗ್ರಹಿಕೆ ಕನ್ನಡಕ್ಕಷ್ಟೇ ಸೀಮಿತವಲ್ಲ. ನೋವನ್ನು ಸಾಂಸ್ಕೃತಿಕ ಸಂಗತಿಯಾಗಿ ನೋಡುವ ಅಧ್ಯಯನಕ್ಕೆ ನಾಂದಿ ಹಾಡಿದವರಲ್ಲಿ ಮಾರ್ಕ್ ಜ್ಬರೋವ್‌ಸ್ಕಿ ಪ್ರಮುಖರು. ನ್ಯೂಯಾರ್ಕಿನ ಆಸ್ಪತ್ರೆಯೊಂದರಲ್ಲಿ ಯಹೂದಿ, ಇಟಾಲಿಯನ್, ಐರಿಷ್ ಮೂಲದವರನ್ನೂ ಅಲ್ಲಿ ಹಲವು ತಲೆಮಾರುಗಳಿಂದ ನೆಲೆಸಿದ ಅಮೆರಿಕನ್ನರನ್ನೂ ಹೋಲಿಸಿ ಅವರು 1952ರಲ್ಲಿ ಪ್ರಕಟಿಸಿದ ಲೇಖನ, ಒಂದೇ ಬಗೆಯ ನೋವಿಗೆ ಬೇರೆ ಬೇರೆ ಸಮುದಾಯಗಳು ಬೇರೆ ಬೇರೆಯಾಗಿ ಪ್ರತಿಕ್ರಿಯಿಸುವುದನ್ನು ತೋರಿಸಿತು. ಮುಂದೆ ಇವಾನ್ ಇಲಿಚ್ 1976ರ ‘ಲಿಮಿಟ್ಸ್ ಟು ಮೆಡಿಸಿನ್’ ಕೃತಿಯಲ್ಲಿ ಇನ್ನೂ ಮುಂದಕ್ಕೆ ಹೋದರು. ಸಾಂಪ್ರದಾಯಿಕ ಸಂಸ್ಕೃತಿಗಳು ನೋವಿಗೆ ಅರ್ಥವೊಂದನ್ನು ಕಲ್ಪಿಸಿ ಅದನ್ನು ಸಹ್ಯವಾಗಿಸಿದ್ದವು, ಆಧುನಿಕ ವೈದ್ಯಕೀಯ ನಾಗರಿಕತೆಯಾದರೋ ನೋವನ್ನು ಕೊಲ್ಲಬೇಕಾದ ತಾಂತ್ರಿಕ ಸಮಸ್ಯೆಯನ್ನಾಗಿಸಿತು ಎಂಬುದು ಅವರ ವಾದ. ವಾದ ಪ್ರಬಲವಾದದ್ದು. ಆದರೆ ಅರ್ಥವನ್ನು ಕಲ್ಪಿಸಿದವರು ಯಾರು, ನೋವನ್ನು ಉಂಡವರು ಯಾರು ಎಂಬ ಪ್ರಶ್ನೆ ಅಲ್ಲಿ ಬದಿಗೆ ಸರಿದಿದೆ. ಕನ್ನಡ ಜನಪದ ಪಠ್ಯಗಳನ್ನು ಓದುವಾಗ ಈ ಪ್ರಶ್ನೆಯನ್ನು ಬಿಟ್ಟು ಮುಂದೆ ಹೋಗಲಾಗದು.

ಮೊದಲು ನುಡಿಯ ಸಾಕ್ಷ್ಯವನ್ನು ಗಮನಿಸಬಹುದು. ನೋವು, ಬೇನೆ, ಸಂಕಟ, ಉರಿ, ಸೆಳೆತ, ಚುಚ್ಚು, ಹಿಡಿತ, ಜೋಮು ಎಂದು ಕನ್ನಡ ನೋವನ್ನು ಸೂಕ್ಷ್ಮವಾಗಿ ವಿಂಗಡಿಸಿಕೊಂಡಿದೆ. ತಲೆ ಸಿಡಿಯುತ್ತದೆ, ಸೊಂಟ ಹಿಡಿದುಕೊಳ್ಳುತ್ತದೆ, ಕಣ್ಣು ಉರಿಯುತ್ತದೆ, ಕಾಲು ಸೆಳೆಯುತ್ತದೆ. ಉತ್ತರ ಕರ್ನಾಟಕದಲ್ಲಿ ‘ಬೇನೆ’ ಎಂಬುದು ರೋಗಕ್ಕೂ ಸಲ್ಲುವ ಮಾತು. ಇಷ್ಟೊಂದು ವಿಂಗಡಣೆ ಇರುವ ಭಾಷೆ ನೋವನ್ನು ಹೇಳಿಕೊಳ್ಳುವವರ ಭಾಷೆ. ಬಾಯಿ ಮುಚ್ಚಿ ತಾಳುವವರಿಗೆ ಇಷ್ಟು ಪದಗಳ ಅಗತ್ಯ ಬೀಳದು. ಇವುಗಳ ಜೊತೆಗೆ ಇನ್ನೊಂದು ಗುಂಪು ಇದೆ: ನೋವುಣ್ಣು, ನೋವು ತಿನ್ನು, ನೋವು ನುಂಗು. ಇಲ್ಲಿ ನೋವು ಹೊರಗೆ ಬಾರದೆ ಒಡಲಿಗೆ ಇಳಿಯುತ್ತದೆ. ಬಾಯಿಯಿಂದ ಹೊರಡಬೇಕಾದ ಮಾತು ಹೊರಡದಿದ್ದಾಗ ಬಳಕೆಯಾಗುವ ಕ್ರಿಯಾಪದಗಳು ಇವು. ಗುಳಿಗೆಗೂ ಕನ್ನಡಿಗರು ‘ನುಂಗು’ ಎಂಬ ಮಾತನ್ನೇ ಬಳಸುತ್ತಾರೆ. ಇದನ್ನು ಕೇವಲ ಆಕಸ್ಮಿಕವೆಂದು ತಳ್ಳಿಹಾಕಬಹುದು. ಆದರೂ ಮುಂದಿನ ಚರ್ಚೆಗೆ ಇದನ್ನು ನೆನಪಿನಲ್ಲಿಟ್ಟುಕೊಳ್ಳುವುದು ಒಳ್ಳೆಯದು.

ಸಹನೆಯ ಓದಿಗೆ ಗಾದೆಗಳಿಂದ ಹೆಚ್ಚಿನ ಬೆಂಬಲ ಸಿಕ್ಕಿದೆ. ‘ತಾಳಿದವನು ಬಾಳಿಯಾನು’ ಎಂಬುದು ಇದಕ್ಕೆ ತಪ್ಪದೆ ಬರುವ ಉದಾಹರಣೆ. ಗಾದೆಯ ಅರ್ಥ ಅದರ ಪದಗಳಲ್ಲಿ ಮಾತ್ರ ಇರುವುದಿಲ್ಲ, ಯಾರು ಯಾರಿಗೆ ಯಾವಾಗ ಹೇಳಿದರೆಂಬುದನ್ನೂ ದಾಖಲಿಸಬೇಕು ಎಂದು ಅಲನ್ ಡಂಡೆಸ್ 1964ರಷ್ಟು ಹಿಂದೆಯೇ ಒತ್ತಾಯಿಸಿದ್ದರು. ಕನ್ನಡದ ಗಾದೆ ಸಂಕಲನಗಳಲ್ಲಿ ಬಹಳಷ್ಟು ಅಕಾರಾದಿಯಾಗಿ ಜೋಡಿಸಿದವು. ಸಂದರ್ಭ ಅವುಗಳಲ್ಲಿ ಕಳೆದುಹೋಗಿದೆ. ‘ತಾಳಿದವನು’ ಎಂಬ ಮಾತನ್ನು ಸಾಮಾನ್ಯವಾಗಿ ಆಡುವವರು ನೋವು ಉಣ್ಣುವವರಲ್ಲ, ಅದನ್ನು ನೋಡುವವರು: ಅತ್ತೆ ಸೊಸೆಗೆ, ಒಡೆಯ ಆಳಿಗೆ, ಹಿರಿಯರು ಕಿರಿಯರಿಗೆ. ನೋವು ಉಂಡವರ ಬಾಯಲ್ಲಿ ಬರುವ ಗಾದೆಗಳು ಬೇರೆ ಬಗೆಯವು. ‘ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ’ ಎಂಬ ಮಾತಿನಲ್ಲಿ ಸಹನೆಯ ಸುಳಿವೂ ಇಲ್ಲ. ಅಲ್ಲಿರುವುದು ನೋವಿನ ಹಂಚಿಕೆಯಲ್ಲಿ ಆಗುವ ಅನ್ಯಾಯದ ನೇರ ತಿಳಿವಳಿಕೆ.

ಮಲೆ ಮಾದೇಶ್ವರ ಕಾವ್ಯದ ಸಂಕಮ್ಮನ ಸಾಲು ಈ ದೃಷ್ಟಿಯಿಂದ ಮುಖ್ಯವಾದ ಪಠ್ಯ. ಸೋಲಿಗರ ನೀಲೇಗೌಡ ಜೇನಿಗಾಗಿ ಕಾಡಿಗೆ ಹೊರಡುವ ಮುನ್ನ ಹೆಂಡತಿ ಸಂಕಮ್ಮನಿಂದ ಅವಳ ಶೀಲದ ಬಗ್ಗೆ ಕೈಭಾಷೆ ಕೇಳುತ್ತಾನೆ. ಅವಳು ಕೊಡಲು ಒಪ್ಪುವುದಿಲ್ಲ. ಸಿಟ್ಟಿಗೆದ್ದ ಗಂಡ ಅವಳನ್ನು ನಾನಾ ಬಗೆಯ ಹಿಂಸೆಗೆ ಗುರಿಪಡಿಸಿ, ಬಂಧಿಸಿಟ್ಟು ಕಾಡಿಗೆ ಹೋಗುತ್ತಾನೆ. ಕಂಸಾಳೆಯ ದೇವರಗುಡ್ಡರು ಹಾಡುವ ಈ ಭಾಗದಲ್ಲಿ ಕಥೆ ಮುಂದಕ್ಕೆ ಓಡುವುದಿಲ್ಲ. ಅವಳಿಗಾದ ಹಿಂಸೆಯ ಬಳಿಯೇ ಅದು ನಿಂತುಬಿಡುತ್ತದೆ. ಸಂಕಮ್ಮ ತಾಳಿಕೊಂಡು ಸುಮ್ಮನಿರುವುದೂ ಇಲ್ಲ. ಮಾದಪ್ಪನನ್ನು ಕೂಗಿ ಕರೆಯುತ್ತಾಳೆ, ದೂರುತ್ತಾಳೆ, ಮೊರೆಯಿಡುತ್ತಾಳೆ. ಅವಳ ಮೊರೆ ಕೇಳಿದ ದೇವರು ಜಂಗಮನಾಗಿ ಬರುತ್ತಾನೆ, ಅವಳ ಯಾತನೆಯನ್ನು ನೀಗಿ ಮಕ್ಕಳ ವರ ಕೊಡುತ್ತಾನೆ. ಹಾಗೆ ಹುಟ್ಟಿದವರು ಕಾರಯ್ಯ, ಬಿಲ್ಲಯ್ಯ. ಕಾವ್ಯದ ತರ್ಕ ಸ್ಪಷ್ಟವಾಗಿದೆ: ಕೇಳಿಸಿಕೊಳ್ಳದ ದೇವರು ದೇವರಲ್ಲ. ನೋವಿನಲ್ಲಿ ಕೂಗುವುದು ಇಲ್ಲಿ ದೌರ್ಬಲ್ಯವಾಗಿಲ್ಲ, ಪವಾಡಕ್ಕೆ ಕಾರಣವಾಗಿದೆ. ಹೀಗಿದ್ದೂ ಈ ಸಾಲನ್ನು ‘ಸಂಕಮ್ಮನ ಪಾತಿವ್ರತ್ಯ ಮತ್ತು ಸಹನೆ’ ಎಂಬ ಚೌಕಟ್ಟಿನಲ್ಲಿ ಇಟ್ಟು ನೋಡುವುದು ಪಠ್ಯಕ್ಕೆ ಮಾಡುವ ಅಪಚಾರವೇ ಸರಿ. ಅವಳು ಭಾಷೆ ಕೊಡದೆ ನಿರಾಕರಿಸಿದವಳು ಎಂಬುದೇ ಆ ಚೌಕಟ್ಟಿನಲ್ಲಿ ಮರೆಯಾಗುತ್ತದೆ.

ಭಾಗೀರಥಿಯ ಕಥೆ ಹೆಚ್ಚು ಕ್ಲಿಷ್ಟವಾದದ್ದು. ಕೆರೆಗೆ ನೀರು ಬರಲು ಕಿರಿಯ ಸೊಸೆಯ ಬಲಿ ಬೇಕೆಂದು ಗೊತ್ತಾದ ಮೇಲೆ ಅವಳು ತವರಿಗೆ ಹೋಗುತ್ತಾಳೆ. ಮುಖ ಬಾಡಿದ್ದೇಕೆಂದು ಹೆತ್ತವರು ಕೇಳಿದರೆ ಬೇರೇನೋ ಕಾರಣ ಹೇಳಿ ನಿಜವನ್ನು ಮುಚ್ಚಿಡುತ್ತಾಳೆ. ಗೆಳತಿಯ ಬಳಿ ಮಾತ್ರ ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಾಳೆ. ತ್ಯಾಗದ ಓದಿನಲ್ಲಿ ಗೆಳತಿಯ ಮನೆಯ ಈ ಭೇಟಿ ಕಥೆಯ ಅಲಂಕಾರವಾಗಿ ಉಳಿದಿದೆ. ವಾಸ್ತವವಾಗಿ ಹಾಡಿನ ತಿರುಳು ಇಲ್ಲಿದೆ ಎನ್ನಬಹುದು. ನೋವನ್ನು ಎಲ್ಲಿ ಹೇಳಬಾರದು, ಎಲ್ಲಿ ಹೇಳಬಹುದು ಎಂಬ ಒಂದು ನಕ್ಷೆಯನ್ನೇ ಹಾಡು ಬಿಡಿಸಿದೆ. ಗೆಳತಿಗೆ ಬಲಿಯನ್ನು ತಪ್ಪಿಸಲು ಆಗುವುದಿಲ್ಲ. ಆದರೂ ಹಾಡು ಅವಳ ಮನೆಯ ಬಾಗಿಲಿಗೆ ಭಾಗೀರಥಿಯನ್ನು ಕರೆದೊಯ್ಯದೆ ಕೆರೆಯ ಕಡೆಗೆ ಕಳಿಸುವುದಿಲ್ಲ. ಹಲಸಂಗಿಯ ಗೆಳೆಯರು 1931ರಲ್ಲಿ ಪ್ರಕಟಿಸಿದ ‘ಗರತಿಯ ಹಾಡು’ ಸಂಕಲನದಂಥ ತ್ರಿಪದಿ ಸಂಗ್ರಹಗಳಲ್ಲೂ ಇದೇ ಕ್ರಮ ಕಾಣುತ್ತದೆ. ಹಾಡುವವಳು ಅಣ್ಣನಿಗೆ, ಹೆತ್ತಮ್ಮನಿಗೆ, ಯಾರೂ ಇಲ್ಲದಿದ್ದರೆ ಬೀಸುವ ಕಲ್ಲಿಗೇ ಮಾತು ಹೇಳುತ್ತಾಳೆ. ತುಳುವಿನ ಓಬೇಲೆಯಲ್ಲಿ ನಾಟಿಯ ಗದ್ದೆಯಲ್ಲಿ ಬಾಗಿದ ಬೆನ್ನುಗಳ ಸಾಲಿನಲ್ಲಿ ಒಬ್ಬಳು ಹೇಳಿದ್ದಕ್ಕೆ ಉಳಿದವರು ದನಿಗೂಡಿಸುತ್ತಾರೆ. ಕೇಳುವ ಕಿವಿಯೊಂದು ಇದ್ದೇ ಇರುತ್ತದೆ.

ಆಯ್ದುಕೊಂಡ ನೋವಿನ ಪ್ರಶ್ನೆ ಬೇರೆ. ಸಿಡಿ, ಬಾಯಿಬೀಗ, ಕೊಂಡ ಹಾಯುವುದು ಇವುಗಳಲ್ಲಿ ನೋವು ದೇವರಿಗೆ ಸಲ್ಲಿಸುವ ಕಾಣಿಕೆ. ಇವುಗಳಲ್ಲಿ ಸಿಡಿಗೆ ಜಾಗತಿಕ ಖ್ಯಾತಿಯೊಂದು ದೊರೆತಿದೆ. ಡಿ.ಡಿ. ಕೋಸಾಂಬಿಯವರ ನಿಧನಾನಂತರ 1967ರಲ್ಲಿ ‘ಸೈಂಟಿಫಿಕ್ ಅಮೆರಿಕನ್’ ಪತ್ರಿಕೆಯಲ್ಲಿ ಪ್ರಕಟವಾದ ಲೇಖನದಲ್ಲಿ ಕೊಕ್ಕೆಗೆ ತೂಗುವ ಆಚರಣೆಯ ವಿವರವಿತ್ತು. ನೋವಿನ ವಿಜ್ಞಾನದಲ್ಲಿ ದೊಡ್ಡ ಹೆಸರಾದ ರೊನಾಲ್ಡ್ ಮೆಲ್ಜ್ಯಾಕ್ 1973ರ ‘ದ ಪಜಲ್ ಆಫ್ ಪೇನ್’ ಕೃತಿಯಲ್ಲಿ ಅದನ್ನು ಎತ್ತಿಕೊಂಡರು. ಬೆನ್ನಿಗೆ ಕೊಕ್ಕೆ ಸಿಕ್ಕಿಸಿಕೊಂಡು ತೂಗುವವನಲ್ಲಿ ನೋವಿನ ಲಕ್ಷಣವೇ ಕಾಣುವುದಿಲ್ಲ, ಅವನು ಉತ್ಕಟ ಆನಂದದ ಸ್ಥಿತಿಯಲ್ಲಿರುತ್ತಾನೆ. ಸಂಸ್ಕೃತಿ ನೋವನ್ನು ಎಷ್ಟರಮಟ್ಟಿಗೆ ನಿಯಂತ್ರಿಸಬಲ್ಲದು ಎಂಬುದಕ್ಕೆ ಇದು ನಿದರ್ಶನ ಎಂದು ಅವರು ವಾದಿಸಿದರು. ಅಲ್ಲಿಂದ ಮುಂದೆ ಈ ಉದಾಹರಣೆ ವೈದ್ಯಕೀಯ ಪಠ್ಯಗಳಲ್ಲಿ ಕೈಯಿಂದ ಕೈಗೆ ದಾಟಿತು.

ಜಾನಪದ ವಿದ್ವಾಂಸರು ಇಲ್ಲಿ ತಕರಾರು ಎತ್ತಬೇಕಾಗಿತ್ತು. ತೂಗುವವನ ಮುಖದಲ್ಲಿ ನೋವು ಕಾಣಲಿಲ್ಲ ಎಂಬುದಕ್ಕೂ ಅವನಿಗೆ ನೋವಾಗಲಿಲ್ಲ ಎಂಬುದಕ್ಕೂ ಬಹಳ ಅಂತರವಿದೆ. ಫ್ರೆಂಚ್ ಪ್ರವಾಸಿ ಪಿಯರ್ ಸೊನೆರಾ 1782ರಲ್ಲಿ ಪ್ರಕಟಿಸಿದ ಪ್ರವಾಸ ಗ್ರಂಥದಲ್ಲಿ ದಕ್ಷಿಣ ಭಾರತದ ಮಾರಿ ಆರಾಧನೆಯ ಇದೇ ಆಚರಣೆಯನ್ನು ವರ್ಣಿಸಿದ್ದಾನೆ. ಅವನ ವರ್ಣನೆ ಕನ್ನಡ ನಾಡಿನದಲ್ಲ, ಪೂರ್ವ ಕರಾವಳಿಯ ಕಡೆಯದು. ಆದರೆ ಆಚರಣೆ ಒಂದೇ ಕುಲದ್ದು. ಎಷ್ಟೇ ನೋವಾದರೂ ತೂಗುವವನು ನಗುಮುಖದಲ್ಲಿರಬೇಕು, ಕಣ್ಣೀರು ಹಾಕಿದರೆ ಜಾತಿಯಿಂದ ಹೊರಹಾಕುತ್ತಾರೆ ಎಂದು ಅವನು ಬರೆದಿದ್ದಾನೆ. ಅಷ್ಟೇ ಅಲ್ಲ, ಏರುವ ಮುನ್ನ ಮೈಮರೆಯುವಷ್ಟು ಮದ್ಯ ಕುಡಿಸುತ್ತಾರೆಂದೂ ದಾಖಲಿಸಿದ್ದಾನೆ. ಅಂದರೆ ಸಂಸ್ಕೃತಿಯೇ ನೋವನ್ನು ಅಳಿಸಿತೆಂದು ಹೇಳಲಾದ ಕಡೆ ಶಾಮಕವೊಂದು ಮೊದಲೇ ಹೊಟ್ಟೆಗೆ ಇಳಿದಿತ್ತು, ಮುಖಕ್ಕೆ ಬಹಿಷ್ಕಾರದ ಬೆದರಿಕೆ ಕಾವಲಿತ್ತು. ಐರೋಪ್ಯ ಪ್ರವಾಸಿಯ ಕಣ್ಣನ್ನು ಪೂರ್ತಿ ನಂಬಬೇಕಾಗಿಲ್ಲ, ನಿಜ. ಆದರೆ ಮೆಲ್ಜ್ಯಾಕ್ ಕೇಳದೆ ಬಿಟ್ಟ ಪ್ರಶ್ನೆಗಳನ್ನು ಇಲ್ಲಿ ಇನ್ನೂರು ವರ್ಷಗಳ ಹಿಂದಿನ ಸಸ್ಯಶಾಸ್ತ್ರಾಸಕ್ತನೊಬ್ಬ ಕೇಳಿದ್ದ.

ಕನ್ನಡ ನಾಡಿನಲ್ಲಿ ಇಂದು ಹಲವೆಡೆ ಕೊಕ್ಕೆಯ ಬದಲು ನಡುವಿಗೆ ಬಟ್ಟೆ ಅಥವಾ ಹಗ್ಗ ಬಿಗಿದು ಸಿಡಿ ಆಡಿಸುತ್ತಾರೆ. ಅಮಾನವೀಯ ಅನಿಷ್ಟ ಪದ್ಧತಿಗಳ ಪ್ರತಿಬಂಧಕ್ಕಾಗಿ 2017ರಲ್ಲಿ ರಾಜ್ಯ ವಿಧಾನಮಂಡಲ ಅಂಗೀಕರಿಸಿದ, 2020ರಲ್ಲಿ ಜಾರಿಗೆ ಬಂದ ಅಧಿನಿಯಮ ಸಿಡಿ, ಬಾಯಿಬೀಗಗಳನ್ನೂ ಒಳಗೊಂಡಿದೆ. ಹರಕೆಯ ಸ್ವಾತಂತ್ರ್ಯದ ಹೆಸರಿನಲ್ಲಿ ಇದನ್ನು ವಿರೋಧಿಸುವವರು ಸಿಡಿಗಂಬದ ತುದಿಗೆ ಏರಿದವರು ಯಾವ ಕೇರಿಯವರು, ಕೆಳಗೆ ನಿಂತು ಹಗ್ಗ ಎಳೆಸಿದವರು ಯಾರು ಎಂಬುದನ್ನೂ ಹೇಳಬೇಕಾಗುತ್ತದೆ.

ಸಹನೆಯ ಓದಿನ ದೊಡ್ಡ ಲೋಪವೆಂದರೆ ಅದು ಶಮನದ ಪರಂಪರೆಯನ್ನು ನಾಟಿವೈದ್ಯ ಎಂಬ ಬೇರೆ ಕಪಾಟಿನಲ್ಲಿಟ್ಟು ಬೀಗ ಹಾಕಿದ್ದು. ಹಾಡು ಸಂಗ್ರಹಿಸುವವರು ಒಬ್ಬರು, ಮದ್ದು ಸಂಗ್ರಹಿಸುವವರು ಇನ್ನೊಬ್ಬರು. ಆದರೆ ಹಾಡುವವಳ ಮನೆಯಲ್ಲೇ ಮದ್ದೂ ಇತ್ತು. ಹರಳೆಣ್ಣೆ ಸವರಿ ಬಿಸಿ ಮಾಡಿದ ಎಕ್ಕದ ಎಲೆ ಮಂಡಿಗೆ, ಲಕ್ಕಿಸೊಪ್ಪು ಹಾಕಿ ಕಾಯಿಸಿದ ನೀರು ಮೈಗೆ, ತೇಯ್ದ ಶುಂಠಿ ಹಣೆಗೆ, ಲವಂಗ ಹಲ್ಲಿಗೆ, ಬಟ್ಟೆಯಲ್ಲಿ ಗಂಟು ಕಟ್ಟಿದ ಬಿಸಿ ಉಪ್ಪು ಸೊಂಟಕ್ಕೆ. ಉಳುಕು ಬಂದರೆ ಕಾಲು ಮುಂದಾಗಿ ಹುಟ್ಟಿದವರ ಬಳಿ ಹೋಗಿ ಕಾಲು ತಾಗಿಸಿಕೊಳ್ಳುತ್ತಿದ್ದರು. ಮುಳ್ಳನ್ನು ಮುಳ್ಳಿನಿಂದಲೇ ತೆಗೆಯಬೇಕೆಂಬ ತರ್ಕದಲ್ಲಿ ಬರೆ ಹಾಕುವ ಕ್ರೂರ ಕ್ರಮವೂ ಇತ್ತು. ಎಳೆಯ ಮಕ್ಕಳಿಗೂ ಹಾಕುತ್ತಿದ್ದುದನ್ನು ಯಾವ ಪರಂಪರಾಭಿಮಾನವೂ ಸಮರ್ಥಿಸಲಾರದು. ಈ ಶಮನೋಪಾಯಗಳಲ್ಲಿ ಹೆಚ್ಚಿನವಕ್ಕೆ ಇನ್ನೊಬ್ಬರ ಕೈ ಬೇಕು. ನೀವುವುದು, ಒತ್ತುವುದು, ಕಾವು ಕೊಡುವುದು, ನೀರು ಎರೆಯುವುದು ಇವೆಲ್ಲ ಒಬ್ಬರು ಇನ್ನೊಬ್ಬರಿಗೆ ಮಾಡುವ ಕೆಲಸಗಳು. ಉಜ್ಜುವ, ನೀವುವ ಸ್ಪರ್ಶವು ಬೆನ್ನುಹುರಿಯಲ್ಲಿಯೇ ನೋವಿನ ಸಂಕೇತವನ್ನು ತಗ್ಗಿಸಬಲ್ಲದು ಎಂದು ಮೆಲ್ಜ್ಯಾಕ್ ಮತ್ತು ಪ್ಯಾಟ್ರಿಕ್ ವಾಲ್ 1965ರಲ್ಲಿ ಮಂಡಿಸಿದ ಸಿದ್ಧಾಂತ ಈ ಕೈಗಳಿಗೆ ಶರೀರಶಾಸ್ತ್ರದ ನೆಲೆಯನ್ನು ಒದಗಿಸಿತು. ಸಿಡಿಯ ಬಗ್ಗೆ ಎಡವಿದವರೇ ಇಲ್ಲಿ ಹೆಚ್ಚು ನೆರವಾಗುತ್ತಾರೆ.

ಬಾಣಂತನ ಈ ಪರಂಪರೆಯ ಪೂರ್ಣ ರೂಪ. ತವರಿನಲ್ಲಿ ಎಣ್ಣೆ ನೀವಿ, ಬಿಸಿನೀರು ಎರೆದು, ಹೊಟ್ಟೆಗೆ ಬಟ್ಟೆ ಬಿಗಿದು, ಕಾವಿನಲ್ಲಿ ಮಲಗಿಸಿ, ಅಂಟಿನ ಉಂಡೆ ತಿನ್ನಿಸಿ, ನೆಲದ ಕೆಲಸಕ್ಕೆ ಬಾಗಗೊಡದೆ ನೋಡಿಕೊಳ್ಳುವ ಈ ಕ್ರಮದಲ್ಲಿ ನೋವಿರುವ ದೇಹಕ್ಕೆ ವಿಶ್ರಾಂತಿ ಹಕ್ಕಾಗಿ ಸಲ್ಲುತ್ತದೆ. ಇಲ್ಲಿ ತಾಳಿಕೋ ಎಂದು ಯಾರೂ ಹೇಳುವುದಿಲ್ಲ. ಅವಲಂಬನೆಯನ್ನು ಯಾರೂ ಹೀಗಳೆಯುವುದೂ ಇಲ್ಲ. ಆದರೆ ಕೂಲಿಯ ಕುಟುಂಬಗಳಲ್ಲಿ ಬಾಣಂತನದ ದಿನಗಳು ಬೆರಳೆಣಿಕೆಗೆ ಇಳಿಯುತ್ತಿದ್ದವು. ಹಕ್ಕು ಎಲ್ಲರಿಗೂ ಒಂದೇ ಅಳತೆಯಲ್ಲಿ ಸಿಗಲಿಲ್ಲ. ಎ.ಕೆ. ರಾಮಾನುಜನ್ ಸಂಗ್ರಹಿಸಿದ, ಹೂಮರವಾಗುವ ಹುಡುಗಿಯ ಕಥೆಯಲ್ಲಿ ಕೊಂಬೆ ಮುರಿದು ಕೈಕಾಲಿಲ್ಲದೆ ಬಿದ್ದವಳು ಮತ್ತೆ ಹೆಣ್ಣಾಗುವುದು ಅವಳ ಸಹನೆಯಿಂದಲ್ಲ. ಗಂಡ ಮುರಿದ ಕೊಂಬೆಗಳನ್ನು ಒಂದೊಂದಾಗಿ ನೇರ ಮಾಡಿ, ಕಟ್ಟಿ, ನೀರು ಸುರಿದ ಮೇಲೆ ಆಕೆ ಎದ್ದು ಬರುತ್ತಾಳೆ. ಹೆಣ್ಣು ಮತ್ತು ಪ್ರಕೃತಿಯ ರೂಪಕವಾಗಿ ಈ ಕಥೆಯನ್ನು ಬಹಳ ಓದಿದ್ದಾರೆ, ಕಟ್ಟು ಹಾಕುವ ಆ ಕೈಗಳತ್ತ ಅಷ್ಟಾಗಿ ಗಮನ ಹೋಗಿಲ್ಲ.

ಈ ಹಿನ್ನೆಲೆಯಲ್ಲಿ ಗುಳಿಗೆಯ ಸ್ಥಾನವನ್ನು ನಿರ್ಧರಿಸಬೇಕು. ಅದು ಏಕಾಏಕಿ ಬಂದದ್ದಲ್ಲ. ವಿಶ್ರಾಂತಿ ಸಿಗದ ದೇಹಗಳು ಎಲೆ ಅಡಿಕೆ ಹೊಗೆಸೊಪ್ಪು, ಕಡ್ಡಿಪುಡಿ, ನಶ್ಯಗಳನ್ನು ಮೊದಲೇ ಆಶ್ರಯಿಸಿದ್ದವು. ಕಾಶೀನಾಥುನಿ ನಾಗೇಶ್ವರ ರಾವ್ 1893ರಲ್ಲಿ ಮುಂಬಯಿಯಲ್ಲಿ ಆರಂಭಿಸಿದ ಅಮೃತಾಂಜನ ಕೈಗೂ ಗುಳಿಗೆಗೂ ನಡುವಣ ಹಂತ. ಅಂಗಡಿಯಲ್ಲಿ ಕೊಂಡು ತಂದರೂ ಅದನ್ನು ಹಚ್ಚಬೇಕು, ಉಜ್ಜಬೇಕು, ಬೆನ್ನಿಗಾದರೆ ಬೇರೊಬ್ಬರನ್ನು ಕರೆಯಬೇಕು. ಗುಳಿಗೆಗೆ ಯಾರನ್ನೂ ಕರೆಯಬೇಕಾಗಿಲ್ಲ. ಅದನ್ನು ನುಂಗಿದವಳು ತನಗೆ ನೋವಿದೆಯೆಂದು ಮನೆಯವರಿಗೆ ಹೇಳಬೇಕಾಗಿಲ್ಲ, ಬೀಡಿ ಕಟ್ಟುವುದನ್ನು ನಿಲ್ಲಿಸಬೇಕಾಗಿಲ್ಲ, ನಾಟಿಯ ಕೂಲಿಯನ್ನು ಬಿಡಬೇಕಾಗಿಲ್ಲ. ಹಾಗಾಗಿ ಗುಳಿಗೆ ಸಹನೆಯ ವಿರುದ್ಧ ಪದವಾಗಲಾರದು. ಅದು ಸಹನೆಯ ಈಗಿನ ಸಾಧನ. ‘ತಾಳಿಕೋ’ ಎಂಬ ಮಾತಿನ ಜಾಗದಲ್ಲಿ ‘ಒಂದು ಗುಳಿಗೆ ತಗೊಂಡು ಬಾ’ ಎಂಬ ಮಾತು ಬಂದಿದೆ, ಹೇಳುವವರು ಅವರೇ. ಜನ ತಾಳ್ಮೆ ಕಳೆದುಕೊಂಡರು ಎಂದು ಮರುಗುವ ವಿದ್ವಾಂಸರು ನೋಡುತ್ತಿರುವುದು ಹಿಂದಿಗಿಂತ ಹೆಚ್ಚು ತಾಳುತ್ತಿರುವ ದೇಹಗಳನ್ನು.

ಚಿಕೂನ್‌ಗುನ್ಯದ ವರ್ಷ ಇದಕ್ಕೆ ಒಳ್ಳೆಯ ನಿದರ್ಶನ. 2006ರಲ್ಲಿ ಕರ್ನಾಟಕದಲ್ಲಿ ಏಳೂವರೆ ಲಕ್ಷಕ್ಕೂ ಹೆಚ್ಚು ಶಂಕಿತ ಪ್ರಕರಣಗಳು ವರದಿಯಾದವು; ದೇಶದ ಒಟ್ಟು ಪ್ರಕರಣಗಳಲ್ಲಿ ಅರ್ಧಕ್ಕಿಂತ ಹೆಚ್ಚು ಇಲ್ಲಿಯವೇ. ಜ್ವರ ಕೆಲವೇ ದಿನಗಳಲ್ಲಿ ಇಳಿಯುತ್ತದೆ, ಕೀಲುನೋವು ತಿಂಗಳುಗಟ್ಟಲೆ ಬಿಡುವುದಿಲ್ಲ. ಈ ರೋಗಕ್ಕೆಂದೇ ಇರುವ ಔಷಧಿ ಆಗ ಇರಲಿಲ್ಲ, ಇಂದಿಗೂ ಇಲ್ಲ. ನೋವು ತಗ್ಗಿಸುವುದೇ ಚಿಕಿತ್ಸೆ. ತಿಂಗಳುಗಟ್ಟಲೆ ಮಲಗಿರಲು ಯಾವ ಕೂಲಿಕಾರನಿಗೂ ಆಗದು. ವೈದ್ಯರ ಚೀಟಿಯಿಲ್ಲದೆ ಮಾರಬಾರದ ಡೈಕ್ಲೊಫಿನಾಕ್‌ನಂಥವು ಸುಲಭವಾಗಿ ಸಿಗುವ ಕಡೆ, ದೀರ್ಘಕಾಲ ನುಂಗಿದರೆ ಜಠರದಲ್ಲಿ ರಕ್ತಸ್ರಾವ, ಮೂತ್ರಪಿಂಡಕ್ಕೆ ಹಾನಿ ಆಗಬಹುದೆಂಬ ಎಚ್ಚರಿಕೆಗೆ ಕೂಲಿಯ ಎದುರು ಬೆಲೆ ಬರುವುದು ಕಷ್ಟ. ಇದೇ ಡೈಕ್ಲೊಫಿನಾಕನ್ನು ದನಕರುಗಳಿಗೂ ಕೊಡುತ್ತಿದ್ದರು. ಸತ್ತ ದನಗಳನ್ನು ತಿಂದ ರಣಹದ್ದುಗಳು ಮೂತ್ರಪಿಂಡ ಕೆಟ್ಟು ಸಾಯುತ್ತಿವೆಯೆಂದು 2004ರಲ್ಲಿ ಖಚಿತವಾಗಿ, 2006ರಲ್ಲಿ ಭಾರತ ಪಶುವೈದ್ಯದಲ್ಲಿ ಅದರ ಬಳಕೆಯನ್ನು ನಿಷೇಧಿಸಿತು. ರಾಮನಗರದ ರಾಮದೇವರ ಬೆಟ್ಟವನ್ನು 2012ರಲ್ಲಿ ರಣಹದ್ದುಗಳ ಧಾಮವೆಂದು ಘೋಷಿಸಲಾಯಿತು. ಎತ್ತಿಗೂ ಆಳಿಗೂ ಒಂದೇ ಮದ್ದು ಸಲ್ಲುತ್ತಿತ್ತೆಂಬುದು ಕೇವಲ ಔಷಧಶಾಸ್ತ್ರದ ಸಂಗತಿಯಾಗಿರಲಾರದು.

ಇದರ ಇನ್ನೊಂದು ಮುಖ ಹೆಚ್ಚು ಕಠೋರವಾದದ್ದು. ಸಣ್ಣ ನೋವಿಗೆ ಗುಳಿಗೆ ಎಲ್ಲೆಡೆ ಸಿಗುವ ದೇಶದಲ್ಲಿ ಕ್ಯಾನ್ಸರಿನ ಕೊನೆಯ ಹಂತದ ನೋವಿಗೆ ಮಾರ್ಫಿನ್ ಸಿಗುವುದು ದುರ್ಲಭವಾಯಿತು. ಭಾರತ ಪರವಾನಗಿಯ ಮೇಲೆ ಅಫೀಮು ಬೆಳೆಯುವ ದೇಶ. ಆದರೂ 1985ರ ಮಾದಕವಸ್ತು ಕಾಯಿದೆಯ ಬಿಗಿ ನಿಯಮಗಳಿಂದಾಗಿ ಆಸ್ಪತ್ರೆಗಳೇ ಮಾರ್ಫಿನ್ ಇಟ್ಟುಕೊಳ್ಳಲು ಅಂಜಿದವು. ನಿಯಮ ಸಡಿಲಿಸುವ ತಿದ್ದುಪಡಿ ಬಂದದ್ದು 2014ರಲ್ಲಿ. ಕೋಳಿಕ್ಕೋಡಿನಲ್ಲಿ 1993ರಲ್ಲಿ ಆರಂಭವಾದ ಉಪಶಾಮಕ ಆರೈಕೆಯ ಚಿಕಿತ್ಸಾಲಯ, ಬೆಂಗಳೂರಿನಲ್ಲಿ 1994ರಲ್ಲಿ ಸ್ಥಾಪನೆಯಾದ ಟ್ರಸ್ಟಿನ ಕರುಣಾಶ್ರಯ ಇಂಥ ಕೆಲವೇ ನೆಲೆಗಳು ಆ ಅವಧಿಯಲ್ಲಿ ಬೇರೆ ದಾರಿ ಹಿಡಿದವು. ನೋವಿನಲ್ಲಿ ಒರಲುವ ರೋಗಿಗೆ ಕರ್ಮ, ಹಣೆಬರಹ, ತಾಳ್ಮೆಗಳ ಮಾತು ಹೇಳುವ ಬಂಧುಗಳು ಅದನ್ನು ಪರಂಪರೆಯ ಮಾತೆಂದೇ ನಂಬಿರುತ್ತಾರೆ. ಆ ನಂಬಿಕೆಗೆ ವಿದ್ವತ್ತಿನ ಮುದ್ರೆ ಒತ್ತಿದ್ದರಲ್ಲಿ ಜಾನಪದ ಬರವಣಿಗೆಯ ಪಾಲೂ ಇದೆ. ಸಂಕಮ್ಮನ ಕೂಗನ್ನು ಕೇಳಿ ಓಡಿಬಂದ ಮಾದಪ್ಪನೂ ಅದೇ ಪರಂಪರೆಯವನೆಂಬುದನ್ನು ಆ ಬರವಣಿಗೆ ಅವರಿಗೆ ತಿಳಿಸಲಿಲ್ಲ.

ಇದಕ್ಕೆ ಸಂಗ್ರಹದ ಕ್ರಮವೇ ಒಂದು ಕಾರಣ. ಅಚ್ಚಾದ ಸಂಕಲನಗಳಲ್ಲಿ ಹಾಡು ಮೊದಲಿನಿಂದ ಕೊನೆಯವರೆಗೆ ಎಲ್ಲಿಯೂ ಕಡಿಯದೆ ಹರಿಯುತ್ತದೆ. ಹಾಡುವವಳು ನಡುವೆ ಕೈ ಬದಲಿಸಿದ್ದು, ಸೊಂಟ ನೀಡಿಕೊಳ್ಳಲು ಎದ್ದದ್ದು, ಎಲೆ ಅಡಿಕೆ ಕೇಳಿದ್ದು, ಪಕ್ಕದವಳು ಗೂಟ ಹಿಡಿದು ಬೀಸುವುದನ್ನು ಮುಂದುವರಿಸಿದ್ದು ಇವಕ್ಕೆ ಅಲ್ಲಿ ಅಡಿಟಿಪ್ಪಣಿಯೂ ಇಲ್ಲ. ಧ್ವನಿಮುದ್ರಣ ಬಂದ ಮೇಲೂ ಲಿಪ್ಯಂತರ ಮಾಡುವಾಗ ಇಂಥವನ್ನು ಅನಗತ್ಯವೆಂದು ಬಿಡುವ ರೂಢಿಯೇ ಮುಂದುವರಿದಿದೆ. ವಿಶ್ವವಿದ್ಯಾಲಯಗಳ ಜಾನಪದ ವಿಭಾಗಗಳಲ್ಲಿ ಉಳಿದಿರುವ ಹಳೆಯ ಮುದ್ರಿಕೆಗಳನ್ನು ಇನ್ನೊಮ್ಮೆ ಕೇಳಿ, ಹಾಡು ನಿಂತ ಕಡೆಗಳನ್ನೂ ಬರೆದುಕೊಳ್ಳುವ ಕೆಲಸ ಬಾಕಿ ಇದೆ.